ಗಾಜಿಲ್ಲದ ಪಟ

ಸಿದ್ದಾಪುರ, ಬೆಂಗಳೂರು
೧೮ ಜೂನ್ ೧೯೫೭

ಮಗು ಸೀತಾಲಕ್ಷ್ಮಿ,

ಉಭಯ ಕುಶಲ ಎಂದು ಬರೆದು ಕಾಗದ ಶುರು ಮಾಡುವುದು ನನ್ನ ಅಭ್ಯಾಸ. ಈ ಸಲ ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಾದ್ದರಿಂದ ಬಿಟ್ಟಿದ್ದೇನೆ. ನಿನ್ನನ್ನು ಸ್ಯಾನಿಟೋರಿಯಮ್ಮಿನಲ್ಲಿ ಬಿಟ್ಟು, ನಿನ್ನ ಯಜಮಾನರಾದ ಬದರಿನಾಥರನ್ನು ಕೆಲಸದ ಊರು ಗುಂತಕಲ್ಲಿನ ರೈಲಿಗೆ ಹತ್ತಿಸಿ, ನಾನು ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿದ್ದರು. ನಿನ್ನ ಮಗಳು ಬಾಗಿಲಿಗೆ ಓಡಿ ಬಂದಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ಇಣುಕಿದಳು. ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಒಳಗೆ ಹೋಗಿ ನಿನ್ನ ಅತ್ತೆಯ ಸೆರಗು ಹಿಡಿದು ನಿಂತಳು. ಏನೂ ಕೇಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಾಗಿತ್ತು.

ಹೊರಡುವಾಗ ನೀನು ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಹೇಳಲು ಆಗಲಿಲ್ಲ, ನರ್ಸಮ್ಮ ಸಮಯವಾಯಿತು ಎಂದರು. ನಿನ್ನ ಹಾಸಿಗೆಯ ಎದುರು ಗೋಡೆಯ ಮೇಲಿರುವ ವಿಷ್ಣುವಿನ ಪಟದಲ್ಲಿ ಒಂದು ಕೈ ಏನೂ ಹಿಡಿಯದೆ ಸುಮ್ಮನೆ ಎತ್ತಿಕೊಂಡಿದೆಯಲ್ಲ, ಯಾಕೆ ಎಂದೆ. ನಾನು ಓದಿದವನಲ್ಲ ಎಂಬುದು ನಿನಗೆ ಗೊತ್ತು. ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜು ಕತ್ತರಿಸುತ್ತ, ಬಂದವರನ್ನು ಕೇಳುತ್ತ, ಕೈಗೆ ಸಿಕ್ಕ ಪುಸ್ತಕ ತಿರುವುತ್ತ ಕಲಿತದ್ದು ನನ್ನ ವಿದ್ಯೆ. ಅದರ ಮಟ್ಟಿಗೆ ಹೇಳುತ್ತೇನೆ.

ಪಟಗಳಲ್ಲಿ ದೇವರ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ. ಗುರುತು ಸಿಗುವುದು ಕೈಗಳಿಂದ. ಚಕ್ರ ಎಂದರೆ ಕಾಲ; ಅದು ತಿರುಗುತ್ತಲೇ ಇರುತ್ತದೆ, ಅವನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದಾನೆ. ಶಂಖ ಎಂದರೆ ಎಲ್ಲಕ್ಕಿಂತ ಮೊದಲು ಹುಟ್ಟಿದ ಸದ್ದು. ಆ ಮೇಲಿನ ಎರಡು ಕೈ ಅವನ ಕೆಲಸಕ್ಕೆ. ಕೆಳಗಿನ ಎರಡು ನಮಗೋಸ್ಕರ. ಎತ್ತಿದ ಕೈ ಅಭಯ, ಹೆದರಬೇಡ ಎನ್ನುವುದು. ಅದರಲ್ಲಿ ಏನಾದರೂ ಹಿಡಿದಿದ್ದರೆ ಹಾಗೆ ಹೇಳಲು ಬರುತ್ತಿರಲಿಲ್ಲ. ಸೊಂಟದ ಮೇಲಿಟ್ಟ ಕೈ, ನನ್ನ ಬಳಿ ಬಂದವರಿಗೆ ಸಂಸಾರದ ಸಮುದ್ರ ಇಷ್ಟೇ ಆಳ, ಸೊಂಟದವರೆಗೆ, ಎಂದು ತೋರಿಸುವುದಂತೆ. ನೀನು ಮಲಗಿದ ಕಡೆಯಿಂದ ದಿನವೂ ಆ ಕೈ ಕಾಣುತ್ತದೆ ಎಂಬುದೇ ನನಗೆ ಧೈರ್ಯ.

ಬದರಿನಾಥರು ಹೇಳಿಹೋದಂತೆ, ಮಗುವಿಗೆ ನಿನ್ನ ಮುಖ ಮರೆಯಬಾರದೆಂದು ನಿನ್ನ ಆ ಸ್ಟುಡಿಯೋ ಫೋಟೋಗೆ ಬೀಟೆಯ ಪಟ್ಟಿಯ ಕಟ್ಟು ಹಾಕಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಕೈಯಲ್ಲಿ ದೊಡ್ಡ ಪುಸ್ತಕ ಹಿಡಿದು ಸರಸ್ವತಿಯ ಹಾಗೆ ಕೂತಿದ್ದೀಯೆ. ಅದು ಸ್ಟುಡಿಯೋದವರ ಹಳೇ ರೈಲ್ವೆ ಟೈಮ್ ಟೇಬಲ್ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆಶೀರ್ವಾದಗಳೊಂದಿಗೆ ನಿನ್ನ ಸೋದರಮಾವ,
ಗಂಗಾಧರಯ್ಯ

•

ಸ್ಯಾನಿಟೋರಿಯಂ, ಹೆಂಗಸರ ವಾರ್ಡು
೯ ಜುಲೈ ೧೯೫೭

ಮಾವನವರಿಗೆ ನಮಸ್ಕಾರ.

ಈ ಕಾಗದವನ್ನು ಓದುವ ಮೊದಲು ಬಿಸಿಲಿನಲ್ಲಿ ಇಡಿ. ಇಲ್ಲಿ ಎಲ್ಲರೂ ಮೊದಲ ಸಾಲಿಗೆ ಇದನ್ನೇ ಬರೆಯುತ್ತಾರೆ, ನಾನೂ ಬರೆದೆ. ಓದಿದ ಮೇಲಲ್ಲವೇ ಇದು ನಿಮಗೆ ತಿಳಿಯುವುದು ಅಂತ ಈಗ ಹೊಳೆಯಿತು. ಇರಲಿ, ಅತ್ತೆ ಹೇಗೂ ಇಟ್ಟಿರುತ್ತಾರೆ.

ಮೊನ್ನೆ ಬೆನ್ನಿಗೆ ಸೂಜಿ ಚುಚ್ಚಿ ಎದೆಯಿಂದ ನೀರು ತೆಗೆದರು. ಸಂಸಾರದ ಸಮುದ್ರ ಸೊಂಟದವರೆಗೆ ಎಂದು ಬರೆದಿದ್ದಿರಿ. ನನಗೆ ಅದು ಸೊಂಟ ದಾಟಿ ಎದೆಗೆ ಬಂದಿದೆ ಮಾವ. ತಮಾಷೆಗೆ ಬರೆದೆ, ಅತ್ತೆಗೆ ಓದಿ ಹೇಳಬೇಡಿ.

ಪಕ್ಕದ ಹಾಸಿಗೆಯಲ್ಲಿ ಬೇಗೂರಿನ ಬಸವಲಿಂಗಮ್ಮ ಅಂತ ಇದ್ದಾರೆ. ವಯಸ್ಸಾದವರು. ಅವರ ಮನೆಯಿಂದ ಯಾರೂ ಬರುವುದಿಲ್ಲ. ಹೊರಡುವ ಮೊದಲೇ ಅವರ ತಟ್ಟೆ ಲೋಟವನ್ನು ಹಿತ್ತಲಲ್ಲಿ ಹೂತುಬಿಟ್ಟರಂತೆ. ನಗುತ್ತಲೇ ಹೇಳುತ್ತಾರೆ. ನಿಮ್ಮ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿದೆ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಿಮ್ಮ ಮಾವಯ್ಯ ಅಷ್ಟೂ ದೇವ್ರ ಕೈ ನೋಡವ್ರಲ್ಲ, ನಮ್ಮಂಥ ಕಾಯ್ಲೆಯೋರ್ನ ಹತ್ರ ಸೇರಿಸ್ಕೊಂಡ ದೇವ್ರು ಯಾವುದಾದ್ರೂ ಐತಾ ಕೇಳವ್ವ. ಇದ್ರೆ ಅವನೊಬ್ಬನ್ಗೇ ಕೈ ಮುಗೀತೀನಿ. ಮಿಕ್ಕೋರು ನಂಗೆ ಬ್ಯಾಡ."

ವತ್ಸಲ ನನ್ನನ್ನು ಕೇಳುತ್ತಾಳೆಯೇ? ಕೇಳುವುದಿಲ್ಲ ಎಂದಾದರೆ ಹಾಗೇ ಬರೆಯಿರಿ. ನನ್ನ ಅಮ್ಮ ಹೋದಾಗ ನಾನೂ ಇವಳಷ್ಟೇ ಇದ್ದೆ. ನೀವು ಎಷ್ಟು ಸಲ ವರ್ಣಿಸಿದರೂ ನನಗೆ ಅಮ್ಮನ ಮುಖ ನೆನಪಿಗೆ ಬರುವುದಿಲ್ಲ. ಹುಣಿಸೆಹಣ್ಣು ಕಿವುಚುತ್ತಿದ್ದ ಒಂದು ಕೈ ಮಾತ್ರ ನೆನಪಿದೆ. ಅದು ಅವಳದೋ ಅಥವಾ ಅತ್ತೆಯದೋ ಅದೂ ಗೊತ್ತಿಲ್ಲ. ನನ್ನ ಮಗಳಿಗೆ ಹಾಗಾಗಬಾರದು. ನಾನು ವಾಸಿಯಾಗಿ ಬಂದರೂ ಸರಿ, ಬರದಿದ್ದರೂ ಸರಿ, ಇವಳು ನನ್ನ ಅಮ್ಮ ಅಂತ ಅವಳಿಗೆ ಗೊತ್ತಿರಬೇಕು. ನಾನು ಕೇಳುವುದು ಇಷ್ಟೇ.

ನಿಮ್ಮ
ಸೀತು

•

ಸಿದ್ದಾಪುರ
೧೨ ಸೆಪ್ಟೆಂಬರ್ ೧೯೫೭

ಸೀತು,

ಗೌರಿ ಹಬ್ಬ ಕಳೆಯಿತು. ಗೌರಿ ತವರಿಗೆ ಬಂದು ಒಂದು ದಿನ ಇರುತ್ತಾಳೆ, ಮಾರನೆಯ ದಿನ ಮಗ ಬಂದು ಕರೆದುಕೊಂಡು ಹೋಗುತ್ತಾನೆ. ನಿನ್ನ ಬಾಗಿನವನ್ನು ಅತ್ತೆ ಮೊರದ ಸಮೇತ ಎತ್ತಿಟ್ಟಿದ್ದಾಳೆ. ಬೇಳೆಗೆ ಹುಳು ಹಿಡಿಯುತ್ತದೆ ಕಣೇ ಎಂದರೆ, ಹಿಡಿದರೆ ಬದಲಾಯಿಸಿ ಇಡ್ತೀನಿ ಎನ್ನುತ್ತಾಳೆ.

ಬಸವಲಿಂಗಮ್ಮನವರಿಗೆ ನನ್ನ ನಮಸ್ಕಾರ ಹೇಳು. ಅವರು ಕೇಳಿದ ದೇವರು ಇದ್ದಾನೆ. ಶಿವನ ತಲೆಯ ಮೇಲಿನ ಚಂದ್ರನನ್ನು ನೋಡಿದ್ದೀಯಲ್ಲ. ದಕ್ಷನಿಗೆ ಅಳಿಯ ಚಂದ್ರನ ಮೇಲೆ ಕೋಪ ಬಂದು ಶಾಪ ಕೊಟ್ಟ. ಯಾವ ಶಾಪ ಎಂದರೆ ಕ್ಷಯ. ದಿನದಿನಕ್ಕೂ ಕರಗಿಹೋಗು ಎಂದ. ಚಂದ್ರ ಬಡಕಲಾಗುತ್ತ ಹೋದ, ಯಾರಿಗೂ ಏನೂ ಮಾಡಲು ಆಗಲಿಲ್ಲ. ಕೊನೆಗೆ ಶಿವ ಅವನನ್ನು ಹತ್ತಿರ ಕರೆದ. ಕಾಲ ಬಳಿ ಕೂರಿಸಲಿಲ್ಲ, ಬಾಗಿಲ ಹೊರಗೆ ನಿಲ್ಲಿಸಲಿಲ್ಲ, ತಲೆಯ ಮೇಲೇ ಇಟ್ಟುಕೊಂಡ. ನಾವು ಅದನ್ನು ಒಡವೆ ಎಂದುಕೊಂಡು ನೋಡುತ್ತೇವೆ. ಅದು ಒಡವೆಯಲ್ಲ, ರೋಗಿ. ಅವರಿಗೆಂದು ಒಂದು ಚಿಕ್ಕ ಶಿವನ ಪಟ ಈ ಕಾಗದದ ಜೊತೆ ಇಟ್ಟಿದ್ದೇನೆ.

ಈಗ ಮಗಳ ವಿಷಯ. ಸುಳ್ಳು ಬರೆಯಬೇಡಿ ಎಂದಿದ್ದೀಯೆ. ಮೊದಲ ತಿಂಗಳು ಅವಳು ನಿನ್ನನ್ನು ಕೇಳಲಿಲ್ಲ. ಈಗ ಕೇಳುತ್ತಾಳೆ. ಹೇಗೆಂದರೆ, ಅವಳನ್ನು ಬೆಳಿಗ್ಗೆ ಅಂಗಡಿಗೆ ಕರೆದೊಯ್ಯುತ್ತೇನೆ. ಜಯನಗರದಲ್ಲಿ ದಿನಕ್ಕೊಂದು ಹೊಸ ಮನೆ ಏಳುತ್ತಿದೆ, ಗೃಹಪ್ರವೇಶಕ್ಕೆ ಎಲ್ಲರಿಗೂ ಪಟ ಬೇಕು. ಮೊನ್ನೆ ಒಬ್ಬರು ದೇವಿಯ ಪಟ ತಂದು, ನಮ್ಮ ಗೂಡಿಗೆ ಉದ್ದವಾಗತ್ತೆ, ಸಿಂಹ ಕತ್ತರಿಸಿ ಕಟ್ಟು ಹಾಕಿ ಅಂದರು. ಸಿಂಹ ತೆಗೆದರೆ ಅಮ್ಮನವರು ಎಲ್ಲಿ ಕೂರಬೇಕು ಸ್ವಾಮಿ ಎಂದು ಕೇಳಿದ್ದಕ್ಕೆ, ಗೂಡೇ ದೊಡ್ಡದು ಮಾಡಿಸ್ತೀನಿ ಬಿಡಿ ಎಂದು ಹೋದರು.

ನಾನು ರಟ್ಟಿನ ತುಂಡಿನಿಂದ ಪಟದ ಮುಖ ಮುಚ್ಚುತ್ತೇನೆ. ವತ್ಸಲ ಕೈ ನೋಡಿ ಹೆಸರು ಹೇಳುತ್ತಾಳೆ. ಕೊಳಲು ಇದ್ದರೆ ಕೃಷ್ಣ, ತ್ರಿಶೂಲ ಇದ್ದರೆ ಶಿವ, ಕಡುಬು ಇದ್ದರೆ ಗಣಪ. ಬರಿಗೈ ಎತ್ತಿದ್ದರೆ "ಹೆದರಬೇಡ ಕೈ" ಎನ್ನುತ್ತಾಳೆ. ಒಂದು ದಿನ ಮನೆಯಲ್ಲಿ ನಿನ್ನ ಫೋಟೋದ ಮುಖವನ್ನೂ ಹಾಗೇ ಮುಚ್ಚಿದೆ. ನೋಡಿದ ತಕ್ಷಣ, "ಪುಸ್ತಕ. ಅಮ್ಮ," ಎಂದಳು. ಅಂದಿನಿಂದ ಹೊಸ್ತಿಲಿಗೆ ಬಂದವರಿಗೆಲ್ಲ ನಿನ್ನನ್ನು ತೋರಿಸಿ ಹೇಳುತ್ತಾಳೆ. ನೀನು ಇನ್ನು ಆ ಹೆದರಿಕೆ ಬಿಡು.

ನಿನ್ನ ಮಾವ,
ಗಂಗಾಧರಯ್ಯ

•

ಸಿದ್ದಾಪುರ
೨೦ ಅಕ್ಟೋಬರ್ ೧೯೫೭

ಶ್ರೀ ಬದರಿನಾಥರಿಗೆ ಗಂಗಾಧರಯ್ಯನ ಆಶೀರ್ವಾದಗಳು.

ಇಲ್ಲಿ ಒಂದು ಸಂಗತಿ ನಡೆಯಿತು. ಬೇರೆ ಯಾರಿಂದಲಾದರೂ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ. ಸೀತೆಗೆ ಇದನ್ನು ತಿಳಿಸಬೇಡಿ.

ನವರಾತ್ರಿಯಲ್ಲಿ ನಿಮ್ಮ ಮಗಳು ಅಜ್ಜಿಯ ಹಿಂದೆಯೇ ತಿರುಗಿ, ಅವಳು ಪ್ರತಿ ದೇವರ ಪಟಕ್ಕೂ ಕುಂಕುಮ ಇಟ್ಟು ಹೂ ಮುಡಿಸುವುದನ್ನು ನೋಡಿದಳು. ಕೈಯಲ್ಲಿ ಏನಾದರೂ ಹಿಡಿದವರೆಲ್ಲ ದೇವರು ಎಂದು ಕಲಿಸಿದವನು ನಾನು. ಅವಳ ಅಮ್ಮನ ಕೈಯಲ್ಲೂ ಪುಸ್ತಕ ಇದೆ. ಮಣೆ ಎಳೆದುಕೊಂಡು ಹತ್ತಿ, ನಡುಮನೆಯ ಆ ಫೋಟೋದ ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಟ್ಟು, ಕಟ್ಟಿನ ಸಂದಿಗೆ ಚೆಂಡುಹೂ ಸಿಕ್ಕಿಸಿಬಿಟ್ಟಿದ್ದಾಳೆ. ಮನೆ ತುಂಬ ಹಬ್ಬದ ಗಡಿಬಿಡಿ, ನಾವು ಯಾರೂ ಗಮನಿಸಲಿಲ್ಲ.

ಸಂಜೆ ಬೊಂಬೆ ನೋಡಲು ಹೆಂಗಸರು ಬಂದರು. ಅವರಲ್ಲಿ ನಮ್ಮ ಬೀದಿಯ ನಾರಾಯಣಮ್ಮನವರೂ ಇದ್ದರು, ಬಾಣಂತಿ ಮಗಳ ಮನೆಯಲ್ಲಿದ್ದು ಆಗಷ್ಟೇ ಊರಿಂದ ಬಂದವರು. ಒಳಗೆ ಕಾಲಿಟ್ಟವರು ಗೋಡೆ ನೋಡಿ ಅಲ್ಲೇ ನಿಂತರು. "ಅಂಜನಮ್ಮ, ಯಾವಾಗ ಹೋಯ್ತು ಮಗು? ನಂಗೊಂದು ಮಾತು ಹೇಳಿ ಕಳಿಸ್ಬಾರ್ದಿತ್ತಾ?" ಅಂದರು.

ನನ್ನವಳ ಕೈಯಲ್ಲಿ ಆರತಿ ತಟ್ಟೆ ಇತ್ತು. ಬೀಳಿಸಲಿಲ್ಲ, ಅದು ಅವಳ ದೊಡ್ಡತನ. "ಇದಾಳೆ," ಅಂದಳು. "ಆಸ್ಪತ್ರೇಲಿ ಇದಾಳೆ." ಪಾಪ, ಆಕೆ ಎಷ್ಟು ಸಲ ಗಲ್ಲ ಬಡಿದುಕೊಂಡರೋ. ಅವರದೇನು ತಪ್ಪು? ಹೂ ಮುಡಿಸಿ ಕುಂಕುಮ ಇಟ್ಟ ಮನುಷ್ಯರ ಫೋಟೋ ಗೋಡೆಯ ಮೇಲಿದ್ದರೆ ನಾವಾದರೂ ಹಾಗೇ ತಿಳಿಯುತ್ತಿದ್ದೆವು.

ಹೆಂಗಸರು ಹೋದ ಮೇಲೆ ಅಂಜನಮ್ಮ ಗಾಜು ತೊಳೆದು, ಫೋಟೋವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಮರುದಿನದಿಂದ ಮಗು ಬರೀ ಮೊಳೆಯ ಕೆಳಗೆ ನಿಂತು, ಬಂದವರಿಗೆಲ್ಲ ಅಮ್ಮ ಹೋದಳು ಎನ್ನುವುದಕ್ಕೆ ಶುರು ಮಾಡಿತು. ಅನ್ನ ಬಿಟ್ಟಿತು. ಅಜ್ಜಿಗೂ ತಡೆಯಲಾಗಲಿಲ್ಲ. ಫೋಟೋ ತೂಗುಹಾಕಿದರೆ ಹೂ ಇಡುತ್ತದೆ, ಹೂ ಇಟ್ಟರೆ ಬಂದವರು ಕೇಳುತ್ತಾರೆ. ಹೂ ಇಡಬೇಡ ಎನ್ನಲು ಕಾರಣ ಹೇಳಬೇಕು. ಆ ಕಾರಣವನ್ನು ಆ ಮಗುವಿಗೆ ಹೇಗೆ ಹೇಳಲಿ?

ಯೋಚಿಸಿ ಒಂದು ದಾರಿ ಹುಡುಕಿದೆ. ಹೋದವರ ಫೋಟೋ ದೇವರ ಮನೆಯಲ್ಲಿ ಇಡುವ ಪದ್ಧತಿ ನಮ್ಮಲ್ಲಿ ಇಲ್ಲ. ಹಾಗಾದರೆ ದೇವರ ಮನೆಯಲ್ಲಿ ಇದ್ದವಳನ್ನು ಯಾರೂ ಹೋದವಳು ಎನ್ನುವಂತಿಲ್ಲ. ಸೀತೆಯ ಫೋಟೋವನ್ನು ಅಲ್ಲಿಗೆ ತಂದು, ಲಕ್ಷ್ಮಿಗೂ ಗಣಪತಿಗೂ ನಡುವೆ ಇಟ್ಟಿದ್ದೇನೆ. ಬದುಕಿರುವ ಮನುಷ್ಯಳನ್ನು ದೇವರ ಸಾಲಿಗೆ ಸೇರಿಸುವುದು ಮಹಾ ತಪ್ಪು ಎಂದು ಅಂಜನಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ತಪ್ಪಿದ್ದರೆ ನನ್ನ ತಲೆಗಿರಲಿ ಎಂದೆ. ಮಗು ದಿನವೂ ಸ್ನಾನ ಮಾಡಿ ಎಲ್ಲರ ಜೊತೆ ಅಮ್ಮನಿಗೂ ಒಂದು ಹೂ ಇಡುತ್ತದೆ. ಊಟ ಮಾಡುತ್ತಿದೆ.

ನೀವೇನು ಹೇಳುತ್ತೀರೋ ತಿಳಿಸಿ.

ಗಂಗಾಧರಯ್ಯ

•

ಸ್ಯಾನಿಟೋರಿಯಂ
೨೪ ನವೆಂಬರ್ ೧೯೫೭

ಮಾವನವರಿಗೆ,

ನೀವು ಬರೆಯದೆ ಬಿಟ್ಟದ್ದು ಇವರ ಕಾಗದದಲ್ಲಿ ಬಂತು. ಇವರನ್ನು ಬೈಯಬೇಡಿ, ಇವರಿಗೆ ಮುಚ್ಚಿಡಲು ಬರುವುದಿಲ್ಲ. ನನಗೆ ಕೋಪ ಬರಲಿಲ್ಲ. ಮೊದಲು ನಗು ಬಂತು, ನಕ್ಕರೆ ಕೆಮ್ಮು ಬರುತ್ತದೆ, ಅದಕ್ಕೆ ನಿಲ್ಲಿಸಿದೆ. ಲಕ್ಷ್ಮಿಯ ಪಕ್ಕ ಕೂತವಳಿಗೆ ಇಲ್ಲಿ ಉಗುಳಲು ಮುಚ್ಚಳದ ಮಗ್ಗು ಕೊಟ್ಟಿದ್ದಾರೆ ಎಂದು ನಿಮ್ಮ ದೇವರಿಗೆ ಗೊತ್ತೋ ಇಲ್ಲವೋ.

ಬಸವಲಿಂಗಮ್ಮನವರ ಹಾಸಿಗೆಗೆ ಬೇರೆಯವರು ಬಂದಿದ್ದಾರೆ. ದೀಪಾವಳಿಯ ಹಿಂದಿನ ದಿನ ಹೋದರು. ನೀವು ಕಳಿಸಿದ ಶಿವನ ಪಟ ಅವರ ದಿಂಬಿನ ಕೆಳಗೇ ಇತ್ತು. ಅವರಿಗೆ ಚಂದ್ರನ ಕಥೆ ಎಷ್ಟು ಇಷ್ಟವಾಗಿತ್ತು ಎಂದರೆ, ಸೂಜಿ ಹಾಕಲು ಬಂದ ಡಾಕ್ಟರಿಗೂ ಹೇಳಿದ್ದರು. ನಾನು ಆ ಪಟವನ್ನು ಅವರ ಜೊತೆಗೇ ಕಳಿಸಿದೆ.

ನನ್ನ ಎಡಗಡೆಯ ಶ್ವಾಸಕೋಶ ಔಷಧಿಗೆ ಬಗ್ಗುತ್ತಿಲ್ಲವಂತೆ. ಕೆಲವು ಪಕ್ಕೆಲುಬು ತೆಗೆದು ಆ ಕಡೆಯನ್ನು ಒಳಕ್ಕೆ ಕುಸಿಯುವಂತೆ ಮಾಡಿ ಮುಚ್ಚಿಬಿಡುತ್ತಾರಂತೆ. ಎರಡು ಸಲ ಆಪರೇಷನ್. ಮಕರ ಸಂಕ್ರಾಂತಿ ಆದ ಮೇಲೆ ಮೊದಲನೆಯದು. ಚಂದ್ರ ಕರಗಿದರೂ ಮತ್ತೆ ತುಂಬುತ್ತಾನೆ ಮಾವ. ತೆಗೆದ ಪಕ್ಕೆಲುಬು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನೇ ಕೇಳಿದ್ದೆ.

ಅದಕ್ಕೆ ಮೊದಲು ವತ್ಸಲಳನ್ನು ಒಂದು ಸಲ ನೋಡಬೇಕು. ವರಾಂಡದಲ್ಲಿ ನಾನು ಕೂರುತ್ತೇನೆ, ಅಂಗಳದ ಬೇವಿನ ಮರದ ಕೆಳಗೆ ನೀವು ಅವಳನ್ನು ನಿಲ್ಲಿಸಿಕೊಂಡರೆ ಸಾಕು ಎಂದು ಅನುಮತಿ ಕೊಟ್ಟಿದ್ದಾರೆ. ಅವಳು ಓಡಿ ಬರುತ್ತಾಳೆ, ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಳುತ್ತಾಳೆ, ಅತ್ತರೂ ಬಿಡಬಾರದು. ಈ ಮಾತನ್ನು ನಾನೇ ಬರೆದುಕೊಟ್ಟಿದ್ದೇನೆ, ಆಮೇಲೆ ನಾನೇ ಬಿಡಿ ಎಂದು ಕೂಗಿದರೂ ಬಿಡಬೇಡಿ.

ಸೀತು

•

ಸಿದ್ದಾಪುರ
೨೨ ಡಿಸೆಂಬರ್ ೧೯೫೭

ಮಗು ಸೀತು,

ಸುಖವಾಗಿ ಬಂದು ತಲುಪಿದೆವು. ವತ್ಸಲ ರೈಲಿನಲ್ಲಿ ಉದ್ದಕ್ಕೂ ನಿದ್ದೆ ಮಾಡಿದಳು.

ಅಲ್ಲಿ ಏನಾಯಿತು ಎನ್ನುವುದನ್ನು ನೀನೂ ನೋಡಿದ್ದೀಯೆ. ಅಷ್ಟು ದೂರದಿಂದ ನಿನಗೆ ಕೇಳಿಸದ ಎರಡು ಮಾತು ಬರೆಯುವುದು ನನ್ನ ಕರ್ತವ್ಯ. ನೀನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಕೂದಲು ಕತ್ತರಿಸಿದ್ದರು, ಅದನ್ನು ನೀನು ಬರೆದಿರಲಿಲ್ಲ. ನಾನೇ ಒಂದು ಗಳಿಗೆ ಗುರುತು ಹಿಡಿಯಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ನಾನು ಮಗುವಿನ ಎರಡೂ ರಟ್ಟೆ ಹಿಡಿದು ಸಿದ್ಧವಾಗಿದ್ದೆ. ಅವಳು ನಿನ್ನ ಮುಖ ನೋಡಲಿಲ್ಲ. ನೇರವಾಗಿ ಕೈ ನೋಡಿದಳು. "ಪುಸ್ತಕ ಇಲ್ಲ ತಾತ," ಎಂದಳು.

 ಅಷ್ಟರಲ್ಲಿ ನೀನು ಬಲಗೈ ಎತ್ತಿದೆ, ಅಂಗೈ ನಮ್ಮ ಕಡೆಗೆ. ಅವಳು ನೋಡಿದಳು. ಹಿಡಿದಿದ್ದ ರಟ್ಟೆಗಳು ಸಡಿಲವಾದವು. "ಹೆದರಬೇಡ ಕೈ," ಎಂದು ಮೆಲ್ಲಗೆ ಹೇಳಿ, ಬೇವಿನ ಎಲೆ ಉದುರಿದ್ದ ಆ ಮಣ್ಣಿನಲ್ಲಿ ಮಂಡಿಯೂರಿ, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದಳು. ಎದ್ದು ನನ್ನ ಪಕ್ಕ ಕೈ ಮುಗಿದು ನಿಂತಳು, ಗರ್ಭಗುಡಿಯ ಮುಂದೆ ನಿಲ್ಲುವ ಹಾಗೆ. ಒಂದು ಹೆಜ್ಜೆ ಮುಂದಿಡಲಿಲ್ಲ. ನಾನು ಹಿಡಿದುಕೊಳ್ಳಬೇಕಾಗಿಯೇ ಬರಲಿಲ್ಲ.

ನರ್ಸಮ್ಮ ಎಷ್ಟು ಒಳ್ಳೆಯ ಮಗು ಎಂದರು. ಹೌದು ಎಂದೆ.

ದೇವರು ಯಾಕೆ ಹೊಸ್ತಿಲ ಆಚೆ ಇರುತ್ತಾನೆ, ನಾವು ಯಾಕೆ ಮುಟ್ಟದೆ ದೂರದಿಂದ ನೋಡುತ್ತೇವೆ ಎಂದು ಕೇಳಿದವರಿಗೆಲ್ಲ ನಾನು ಉತ್ತರ ಹೇಳಿದ್ದೇನೆ. ನೋಡುವುದೇ ಪಡೆಯುವುದು, ಅವನ ಕಣ್ಣು ನಮ್ಮ ಮೇಲೆ ಬಿದ್ದರೆ ಮುಟ್ಟಿದ ಹಾಗೆಯೇ ಎಂದು. ಆ ಉತ್ತರವನ್ನು ಇಲ್ಲಿಯೂ ಬರೆಯೋಣ ಎಂದು ಕೂತೆ. ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಅತ್ತೆ ನಿನ್ನ ಹೆಸರಿನಲ್ಲಿ ಬನಶಂಕರಿಗೆ ಹರಸಿಕೊಂಡಿದ್ದಾಳೆ. ಧೈರ್ಯವಾಗಿರು.

ಮಾವ

•

ಸ್ಯಾನಿಟೋರಿಯಂ
೧೦ ಜನವರಿ ೧೯೫೮

ಮಾವ,

ಮುಂದಿನ ವಾರ ಆಪರೇಷನ್. ಆಮೇಲೆ ಬರೆಯಲು ಕೈ ಬರುತ್ತದೋ ಇಲ್ಲವೋ, ಅದಕ್ಕೆ ಈಗಲೇ.

ಅಂದು ಕೈ ಎತ್ತಿದ್ದು ನಿಮ್ಮ ಮೊದಲ ಕಾಗದ ನೆನಪಾಗಿಯೇ. ಎತ್ತಿಕೊಳ್ಳುವಂತಿಲ್ಲ, ಮುಟ್ಟುವಂತಿಲ್ಲ, ಹೆದರಬೇಡ ಎಂದಾದರೂ ಹೇಳೋಣ ಎನ್ನಿಸಿತು. ಅವಳಿಗೆ ತಿಳಿಯಿತು. ನೀವು ಚೆನ್ನಾಗಿ ಕಲಿಸಿದ್ದೀರಿ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ಅವಳು ಓಡಿ ಬರಬೇಕಿತ್ತು. ನೀವು ಹಿಡಿದುಕೊಳ್ಳಬೇಕಿತ್ತು. ಅವಳು ಒದ್ದು, ಕಚ್ಚಿ, ಊರು ಕೇಳುವ ಹಾಗೆ ಅಳಬೇಕಿತ್ತು. ಅದನ್ನು ತಡೆದುಕೊಳ್ಳಲು ವಾರದಿಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನಮಸ್ಕಾರವನ್ನು ತಡೆದುಕೊಳ್ಳಲು ತಯಾರಾಗಿರಲಿಲ್ಲ.

ವಾಸಿಯಾಗಿ ಬಂದರೆ ನಾನೇ ಎಲ್ಲ ಸರಿ ಮಾಡುತ್ತೇನೆ. ಎರಡು ಏಟು ಕೊಟ್ಟರೆ ದೇವರಲ್ಲ ಅಂತ ಗೊತ್ತಾಗುತ್ತದೆ. ಬರದಿದ್ದರೆ, ನನ್ನನ್ನು ದೇವರ ಮನೆಯಿಂದ ಇಳಿಸಿಬಿಡಿ. ದೇವರು ಸಾಯುವುದಿಲ್ಲ ಮಾವ. ಅಲ್ಲೇ ಇಟ್ಟರೆ ಅವಳು ದಿನವೂ ಹೂ ಇಟ್ಟು ಕಾಯುತ್ತಾ ಇರುತ್ತಾಳೆ. ಹೋದಳು ಎಂದು ಹೇಳಿ. ಹಾಲು ಉಕ್ಕಿಸುತ್ತಿದ್ದಳು, ತಲೆ ಬಾಚುವಾಗ ಎಳೆದು ನೋಯಿಸುತ್ತಿದ್ದಳು, ಅಡುಗೆಮನೆಯಲ್ಲಿ ಕದ್ದು ಹುಣಿಸೆಹಣ್ಣಿಗೆ ಉಪ್ಪು ಹಚ್ಚಿ ತಿನ್ನುತ್ತಿದ್ದಳು, ಕೋಪ ಬಂದರೆ ಚೌಡಿ ಎಂದು ಬೈಯುತ್ತಿದ್ದಳು ಎಂದು ಹೇಳಿ. ಆ ಪುಸ್ತಕ ಟೈಮ್ ಟೇಬಲ್ ಎಂದೂ ಹೇಳಿ.

ನಿಮಗೂ ಅತ್ತೆಗೂ ನಮಸ್ಕಾರ. ಈ ಕಾಗದವನ್ನು ಬಿಸಿಲಿಗೆ ಇಡಬೇಡಿ, ಬೇಗ ಓದಿ.

ಸೀತು

•

ಸಿದ್ದಾಪುರ
೧೬ ಮಾರ್ಚ್ ೧೯೫೮

ಶ್ರೀ ಬದರಿನಾಥರಿಗೆ,

ನಿಮ್ಮ ಕಾಗದ ಬಂತು. ಮಗುವಿಗೆ ಹೇಗೆ ತಿಳಿಸಿದಿರಿ, ಫೋಟೋ ಎಲ್ಲಿದೆ ಎಂದು ಕೇಳಿದ್ದೀರಿ. ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ.

ಸೀತೆಯ ವೈಕುಂಠ ಸಮಾರಾಧನೆ ಮುಗಿಸಿ ನೀವು ಗುಂತಕಲ್ಲಿಗೆ ಹೊರಟ ಮೇಲೆ ನಮ್ಮ ಪುರೋಹಿತರು ಶಾಮಣ್ಣನವರು ಮನೆಗೆ ಬಂದರು. ದೇವರ ಮನೆಯಲ್ಲಿ ಆ ಫೋಟೋ ನೋಡಿ, ಇನ್ನು ಇದು ಇಲ್ಲಿರುವಂತಿಲ್ಲ, ನಡುಮನೆಯ ದಕ್ಷಿಣದ ಗೋಡೆಗೆ ಹಾಕಿ ಎಂದರು. ಅವರು ಹೇಳಿದ್ದು ಸರಿಯೇ. ಯಾವ ಪದ್ಧತಿಯ ಆಸರೆಯಲ್ಲಿ ಅವಳನ್ನು ಅಲ್ಲಿ ಕೂರಿಸಿದ್ದೆನೋ ಅದೇ ಪದ್ಧತಿ ಅವಳನ್ನು ಎಬ್ಬಿಸಿತು. ಅಂದು ಬೇಡ ಎಂದು ಮಾತು ಬಿಟ್ಟಿದ್ದ ಅಂಜನಮ್ಮ ಈಗ, "ಇರ್ಲಿ ಬಿಡಿ, ಯುಗಾದಿ ಕಳೀಲಿ, ಮಗು ಇನ್ನೂ ದಿನಾ ಹೂವು ಇಡತ್ತೆ," ಎಂದಳು. ನಾನೂ ದಿನ ದೂಡಿದೆ. ಸೀತೆ ನನಗೆ ಬರೆದ ಕೊನೆಯ ಕಾಗದ ಅಂಗಿಯ ಜೇಬಿನಲ್ಲೇ ಇತ್ತು. ಅದರಲ್ಲಿ ಏನಿದೆ ಎಂದು ನಿಮಗೆ ಅಂದೇ ಹೇಳಿದ್ದೇನೆ.

ಕಳೆದ ಭಾನುವಾರ ಬೆಳಿಗ್ಗೆ ಮಗು ಹೂ ಹಿಡಿದು ಬಂದಾಗ ನಾನು ಫೋಟೋ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

"ಅಮ್ಮನ್ನ ಯಾಕೆ ಇಳಿಸ್ದೆ ತಾತ?"

"ಅಮ್ಮ ದೇವರಲ್ಲ ಮಗು."

"ಮತ್ತೆ?"

"ಅಮ್ಮ. ಬರೀ ಅಮ್ಮ."

ಹುಣಿಸೆಹಣ್ಣಿನದು, ಉಕ್ಕಿದ ಹಾಲಿನದು, ತಲೆ ಬಾಚುವುದರದು, ಅವಳು ಬರೆದದ್ದೆಲ್ಲವನ್ನೂ ಹೇಳಿದೆ. ಮಗು ಕೇಳುತ್ತಾ ಬಂತು. ತಲೆ ಬಾಚುವ ಮಾತಿಗೆ ಕೈ ತಾನಾಗಿ ಜಡೆಗೆ ಹೋಯಿತು. ಅದೊಂದು ನೆನಪಿದ್ದಿರಬೇಕು. ಆಮೇಲೆ ಹೇಳಿದೆ, ಅಮ್ಮನಿಗೆ ಕಾಯಿಲೆ ಜೋರಾಯಿತು, ಸತ್ತುಹೋದಳು, ಇನ್ನು ಬರುವುದಿಲ್ಲ ಎಂದು.

"ಹೆದರಬೇಡ ಅಂತ ಕೈ ತೋರ್ಸಿದ್ಲಲ್ಲ?"

"ತೋರ್ಸಿದ್ಲು. ಆ ಕೈಯಲ್ಲಿ ನಿನ್ನ ಎತ್ಕೋಬೇಕು ಅಂತ ಅವಳಿಗೆ ತುಂಬ ಆಸೆ ಇತ್ತು. ಆಗ್ಲಿಲ್ಲ."

ಮಗು ತಂದ ಹೂ ಕೈಯಲ್ಲೇ ಇತ್ತು. ಆಮೇಲೆ ಅಳು ಬಂತು ಬದರಿನಾಥರೇ. ಎಲ್ಲಿತ್ತೋ ಅಷ್ಟು ಅಳು. ಅಮ್ಮ ಬೇಕು ಎಂದು ನೆಲಕ್ಕೆ ಬಿದ್ದು ಒದೆಯಿತು, ಹಿಡಿಯಲು ಹೋದ ಅಂಜನಮ್ಮನ ಕೈ ಕಚ್ಚಿತು, ಬಾಗಿಲು ತೆರೆದಿತ್ತು, ಬೀದಿಗೆ ಓಡಿತು. ಓಡಿ ಹೋಗಿ ಹಿಡಿದುಕೊಂಡೆ. ಬೇವಿನ ಮರದ ಕೆಳಗೆ ಹಿಡಿಯಲು ಸಿದ್ಧವಾಗಿದ್ದು ಕೆಲಸವಿಲ್ಲದೆ ಉಳಿದಿದ್ದ ಕೈಗಳು ಇವೇ. ಬಿಡಲಿಲ್ಲ. ಸೀತೆ ನೋಡಬೇಕೆಂದಿದ್ದು ಇದನ್ನು. ಬೀದಿಯವರೆಲ್ಲ ನೋಡಿದರು.

ಅಳು ನಿಂತ ಮೇಲೆ ಫೋಟೋ ಕೇಳಿತು. ಕೊಟ್ಟೆ. ಗಾಜಿನ ಮೇಲೆ ಅಂಗೈ ಒತ್ತಿ ಒತ್ತಿ ನೋಡಿತು, ಅದು ಜಾರುತ್ತಿತ್ತು. ತೆಗಿ ಎಂದಿತು. ನಾನು ಈ ಕಸುಬಿಗೆ ಕೂತಾಗಿನಿಂದ ಗಾಜಿಲ್ಲದ ಪಟವನ್ನು ಯಾರ ಕೈಗೂ ಕೊಟ್ಟವನಲ್ಲ. ಬೆವರು ತಾಗಿದರೆ ಫೋಟೋ ಕೆಡುತ್ತದೆ, ಧೂಳು ಕೂತರೆ ಮುಖ ಮಾಸುತ್ತದೆ. ಉಪಕರಣ ತಂದು ಹಿಂದಿನ ಮೊಳೆ ಕಿತ್ತು ಗಾಜು ತೆಗೆದುಕೊಟ್ಟೆ.

ಫೋಟೋ ಈಗ ದಕ್ಷಿಣದ ಗೋಡೆಯಲ್ಲಿ, ಅವಳ ಕೈಗೆ ಎಟಕುವಷ್ಟು ಕೆಳಗೆ ಇದೆ. ಹೂ ಇಡುವುದಿಲ್ಲ. ಹೋಗುತ್ತ ಬರುತ್ತ ಮುಟ್ಟುತ್ತಾಳೆ, ಕೆನ್ನೆ ಇಡುತ್ತಾಳೆ, ಊಟದ ಕೈಯಲ್ಲಿ ಹಾಗೇ ಬಂದು ಏನೋ ಹೇಳುತ್ತಾಳೆ. ಪುಸ್ತಕದ ಮೇಲೆ ಆಗಲೇ ಸಾರಿನ ಕಲೆ ಬಿದ್ದಿದೆ. ಹೀಗಾದರೆ ಮುಖ ಎಷ್ಟು ದಿನ ಉಳಿಯುತ್ತದೋ ಹೇಳಲಾರೆ. ನಿಮ್ಮ ಬಳಿ ಆ ಸ್ಟುಡಿಯೋದ ಇನ್ನೊಂದು ಪ್ರತಿ ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಇದನ್ನು ನಾನು ಒರೆಸುವುದಿಲ್ಲ.

ರಜ ಸಿಕ್ಕಿದಾಗ ಬಂದು ಮಗುವನ್ನು ನೋಡಿಕೊಂಡು ಹೋಗಿ. ಬಾಗಿಲಲ್ಲಿ ನಿಂತರೆ ಅವಳು ನಿಮ್ಮ ಹಿಂದೆ ಇಣುಕಿ ನೋಡುವುದಿಲ್ಲ.

ಗಂಗಾಧರಯ್ಯ